ಸ್ವಲ್ಪ ನಿಧಾನ, ಆದರೆ ಒಳ್ಳೆಯವನು

ಜಗತ್ತಿನಲ್ಲಿ ಬೇರೆಯವರು ಮಾಡಿದ ತಪ್ಪೆಲ್ಲ ಬೇಗ ಬಯಲಾಗುತ್ತದೆ. ಅಡುಗೆಯವನು ಉಪ್ಪು ಹೆಚ್ಚು ಹಾಕಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಕ್ಷೌರದವನ ತಪ್ಪನ್ನು ಹದಿನೈದು ದಿನ ಊರೆಲ್ಲ ನೋಡುತ್ತದೆ. ಗಾರೆಯವನು ಇಳಿಜಾರು ತಪ್ಪಿಸಿದರೆ ಬಚ್ಚಲ ನೀರೇ ನಡುಮನೆಗೆ ಬಂದು ದೂರು ಹೇಳುತ್ತದೆ. ವೆಬ್‌ಸೈಟ್ ಮಾಡುವ ನಮ್ಮ ಕಸುಬಿನಲ್ಲಿ ಆ ಅನುಕೂಲವಿಲ್ಲ. ನಾವು ಮಾಡಿದ ತಪ್ಪು ಸದ್ದಿಲ್ಲದೆ ಒಂದು ಮೂಲೆಯಲ್ಲಿ ಒಂದೂವರೆ ವರ್ಷ ಕೂತಿರಬಲ್ಲದು, ಅಷ್ಟು ದಿನವೂ ನಾವು ಎದೆಯುಬ್ಬಿಸಿಕೊಂಡು ಓಡಾಡಬಹುದು. ನಾನು ಹಾಗೆ ಓಡಾಡಿದವನು. ಈ ವಿಷಯವನ್ನು ನಗುನಗುತ್ತಲೇ ಹೇಳಿಬಿಡಬೇಕೆಂದು ಕೂತಿದ್ದೇನೆ. ಮಧ್ಯದಲ್ಲಿ ಎಲ್ಲಾದರೂ ನಗು ಬರದಿದ್ದರೆ ಓದುವವರು ಬೇಜಾರು ಮಾಡಿಕೊಳ್ಳಬಾರದು, ನನಗೂ ಅಲ್ಲಲ್ಲಿ ಬರುವುದಿಲ್ಲ.

ನಾನು ಜೀವನ್ ಬಿಮಾ ನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಅಂಗಡಿ, ಕ್ಲಿನಿಕ್ಕು, ಬೇಕರಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕಂಪನಿಯಿಲ್ಲ, ಮೇಲಧಿಕಾರಿಯಿಲ್ಲ. ಬೈಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ ಆಗಿರುವುದರಿಂದ ಆಫೀಸಿನಲ್ಲಿ ಶಾಂತಿಯಿದೆ. ಹಗಲೆಲ್ಲ ಮನೆಯಲ್ಲಿರುವ ಗಂಡಸು ಎಂದರೆ ಅಕ್ಕಪಕ್ಕದವರಿಗೆ ಕೆಲಸವಿಲ್ಲದವನು ಎಂದೇ ಅರ್ಥ. ಹಾಗಾಗಿ ಕೆಳಗಿನ ಮನೆಯವರ ಬೀಗದ ಕೈ ನನ್ನಲ್ಲಿರುತ್ತದೆ, ಎದುರುಮನೆಯ ಸಿಲಿಂಡರನ್ನು ನಾನೇ ಇಳಿಸಿಕೊಳ್ಳುತ್ತೇನೆ. ನಮ್ಮಪ್ಪ ಹಲಸೂರಿನ ಬೀದಿಗಳಲ್ಲಿ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತರಾದವರು. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, "ಕಂಪ್ಯೂಟರಿನಲ್ಲಿ ಬೋರ್ಡ್ ಬರೀತಾನೆ" ಎನ್ನುತ್ತಾರೆ. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಆಮೇಲೆ ಯೋಚಿಸಿದರೆ ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲವೆನಿಸಿತು.

ನನ್ನದೂ ಒಂದು ವೆಬ್‌ಸೈಟ್ ಇದೆ. ಅದರಲ್ಲಿ ನನ್ನ ಫೋನ್ ನಂಬರನ್ನು ಬೇಕೆಂದೇ ಹಾಕಿಲ್ಲ. ಒಮ್ಮೆ ನಂಬರು ಕೊಟ್ಟರೆ ಗಿರಾಕಿಗಳು ಊಟಕ್ಕೆ ಕೂತಾಗ ಫೋನು ಮಾಡಿ, "ಸರ್, ಲೋಗೋ ಸ್ವಲ್ಪ ದೊಡ್ಡದು ಮಾಡಿ" ಎನ್ನುತ್ತಾರೆ. ದೊಡ್ಡದು ಮಾಡಿದರೆ ಮಾರನೇ ದಿನದ ಊಟಕ್ಕೆ ಸರಿಯಾಗಿ, "ಇಷ್ಟು ದೊಡ್ಡದಲ್ಲ ಸರ್" ಎನ್ನುತ್ತಾರೆ. ಅದಕ್ಕೇ ನಂಬರಿನ ಬದಲು ಕೊನೆಯ ಪುಟದಲ್ಲಿ ಒಂದು ಫಾರಂ ಇಟ್ಟಿದ್ದೇನೆ. ಬೇಕಾದವರು ಹೆಸರು, ಫೋನ್ ನಂಬರು, ವಿಷಯ ಬರೆದು ಒತ್ತಿದರೆ ಅದು ಇಮೇಲ್ ಆಗಿ ಬರಬೇಕು. ವಿಚಿತ್ರವೆಂದರೆ ನಾನು ಹೇಳಹೊರಟ ಆ ಒಂದೂವರೆ ವರ್ಷ ಹಾಗೆ ನನಗೆ ಒಂದು ಇಮೇಲೂ ಬರುತ್ತಿರಲಿಲ್ಲ, ಆದರೆ ಹೊಸ ಗಿರಾಕಿಗಳು ನೇರವಾಗಿ ಫೋನೇ ಮಾಡುತ್ತಿದ್ದರು. ಮಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತಿನಿಂದ ಶುರುಮಾಡುತ್ತಿದ್ದರು: "ನೀವು ಸ್ವಲ್ಪ ನಿಧಾನವಂತೆ, ಆದ್ರೆ ಒಳ್ಳೆಯವ್ರಂತೆ." ಕಲ್ಯಾಣ ನಗರದ ಹಲ್ಲಿನ ಡಾಕ್ಟರೂ ಹಾಗೇ ಅಂದರು, ಇಂದಿರಾನಗರದಲ್ಲಿ ಮನೆಯಲ್ಲೇ ಕೇಕ್ ಮಾಡುವ ಹೆಂಗಸೂ ಹಾಗೇ ಅಂದರು. ನನ್ನ ನಂಬರು ಇವರಿಗೆ ಹೇಗೆ ಸಿಕ್ಕಿತು ಎಂದು ನಾನು ಕೇಳಲೇ ಇಲ್ಲ. ಕೀರ್ತಿ ಎಂಬುದು ಹಬ್ಬುವಾಗ ಹೀಗೇ ಹಬ್ಬುತ್ತದೆ, ಅದನ್ನು ತಡೆಯಲು ನಾನು ಯಾರು ಎಂದುಕೊಂಡಿದ್ದೆ. ನಿಧಾನ ಎಂದದ್ದಕ್ಕೆ ಮಾತ್ರ ತುಸು ಬೇಸರವಿತ್ತು.

ಇನ್ನು ಇಲಿಯಾಸ್ ಸಾಹೇಬರ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಶೈಲಜಾಗೆ ತವರಿನಿಂದ ಬಂದ ಒಂದು ಕಪ್ಪು ಹೊಲಿಗೆ ಮಷೀನ್ ಇದೆ. ಅವಳು ಅದರಲ್ಲಿ ವರ್ಷಕ್ಕೆ ನಾಲ್ಕು ದಿಂಬಿನ ಕವರು ಹೊಲಿಯುತ್ತಾಳೆ. ಆದರೆ ಅದು ಕೆಟ್ಟರೆ ತವರೇ ಕೆಟ್ಟಷ್ಟು ಸಂಕಟಪಡುತ್ತಾಳೆ. ಎರಡೂವರೆ ವರ್ಷದ ಹಿಂದೆ ಅದು ದಾರ ತಿನ್ನಲು ಶುರುಮಾಡಿದಾಗ, ಮಷೀನಿನ ತಲೆಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಆಟೋದಲ್ಲಿ ಶಿವಾಜಿನಗರಕ್ಕೆ ಹೊತ್ತೆ. ಮಾರ್ಕೆಟ್ ಹಿಂದೆ ಸಿಕ್ಕಿದ ಮೊದಲ ಅಂಗಡಿಯವರಿಗೆ ತೋರಿಸಿದೆ. ಅವರು ನೋಡಿ, "ಇದು ನಮ್ಮ ಕೈಲಿ ಆಗೋ ಕೆಲ್ಸ ಅಲ್ಲ" ಎಂದರು. ನಾನು ಚೀಲ ಎತ್ತಿಕೊಂಡು ಹೊರಡುವಷ್ಟರಲ್ಲಿ ಅವರೂ ಎದ್ದು ಬಂದರು. ತಮ್ಮ ಅಂಗಡಿಯನ್ನು ಹಾಗೇ ತೆರೆದಿಟ್ಟು, ನನ್ನ ಚೀಲದ ಒಂದು ತುದಿ ಹಿಡಿದು, ಎರಡು ಗಲ್ಲಿ ದಾಟಿಸಿ ಇಲಿಯಾಸ್ ಸಾಹೇಬರ ಅಂಗಡಿಯ ಮುಂದೆ ನಿಲ್ಲಿಸಿ, "ಇವ್ರನ್ನ ನೋಡಿ ಭಾಯ್" ಎಂದು ಒಪ್ಪಿಸಿ ಹೋದರು. ಅಲ್ಲಿಯ ವರ್ತಕರಲ್ಲಿ ಇದು ರೂಢಿ. ಬಾಗಿಲಿಗೆ ಬಂದವರನ್ನು ಇಲ್ಲ ಎಂದು ಹಾಗೇ ಕಳಿಸಬಾರದು, ಎಲ್ಲಿ ಸಿಗುತ್ತದೋ ಅಲ್ಲಿಗೆ ಮುಟ್ಟಿಸಬೇಕು. ಆಗ ನಾನು ಇದನ್ನು ಹೆಚ್ಚು ಗಮನಿಸಲಿಲ್ಲ, ಗೋಣಿಚೀಲದ ಭಾರ ಹಾಗಿತ್ತು.

ಸಾಹೇಬರಿಗೆ ಅರವತ್ತೈದರ ಆಸುಪಾಸು. ಅಂಗಡಿ ನಾಲ್ಕು ಮಂಚ ಹಾಕುವಷ್ಟು ಜಾಗ. ಗೋಡೆ ತುಂಬ ಚಕ್ರ, ಬೆಲ್ಟು, ಡಬ್ಬಿ ಡಬ್ಬಿ ಸ್ಕ್ರೂ. ಅವರು ಮಷೀನಿಗೆ ಕಿವಿಯಿಟ್ಟು ಚಕ್ರವನ್ನು ಒಂದು ಸುತ್ತು ತಿರುಗಿಸಿ, ಅರ್ಧ ಗಂಟೆಯಲ್ಲಿ ಸರಿಮಾಡಿದರು. ಕೆಲಸ ಮಾಡುತ್ತಲೇ ತಮ್ಮ ಕಷ್ಟ ಹೇಳಿಕೊಂಡರು. ಮೊದಲಿನಂತೆ ಜನ ಬರುವುದಿಲ್ಲ, ಮನೆಯಲ್ಲಿ ಮಷೀನ್ ಇರುವವರಿಗೆ ರಿಪೇರಿ ಮಾಡುವವರು ಇನ್ನೂ ಇದ್ದಾರೆ ಎಂಬುದೇ ಗೊತ್ತಿಲ್ಲ, ಹೀಗೇ ಆದರೆ ಅರ್ಧ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಗುತ್ತದೆ. ಅಪ್ಪನ ಕಾಲದ ಅಂಗಡಿ, ಬಿಟ್ಟುಕೊಡಲು ಮನಸ್ಸಿಲ್ಲ. ನಾನು ಅಲ್ಲೇ ಘೋಷಿಸಿದೆ: "ನಿಮಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ ಸಾಹೇಬ್ರೆ. ಇಡೀ ಬೆಂಗಳೂರೇ ನಿಮ್ಮ ಬಾಗಿಲಿಗೆ ಬರುತ್ತೆ." ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಬರ್ತದಾ ಬೇಟಾ?" ಎಂದರು. "ಬರುತ್ತೆ" ಎಂದೆ. ಆ ಮೂರಕ್ಷರದ ಮಾತು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಹದಿನೈದು ದಿನದಲ್ಲಿ ಮುಗಿಸುತ್ತೇನೆ ಎಂದಿದ್ದೆ, ಐದು ತಿಂಗಳಾಯಿತು. ನಿಧಾನ ಎಂಬ ಮಾತು ಎಲ್ಲಿಂದ ಹುಟ್ಟಿತೆಂದು ನೀವೇ ಊಹಿಸಬಹುದು. ಆದರೆ ಚೆನ್ನಾಗಿ ಮಾಡಿದೆ, ಆ ಮಾತಿಗೆ ಮೋಸವಿಲ್ಲ. ಸಾಹೇಬರ ಕೈಗಳ ಫೋಟೋ ದೊಡ್ಡದಾಗಿ ಹಾಕಿದೆ. ಯಾವ ಮಷೀನಿಗೆ ಯಾವ ಕಾಯಿಲೆ ಎಂದು ಕನ್ನಡದಲ್ಲೇ ಬರೆದೆ. ಕೊನೆಯಲ್ಲಿ, ನನ್ನ ಸೈಟಿನ ಹಾಗೇ ಫೋನ್ ನಂಬರು ಹಾಕದೆ, ಅದೇ ಫಾರಂ ಇಟ್ಟೆ. ಫಾರಂ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಅದಕ್ಕೆ ಮೊದಲು ನನ್ನದೇ ಇಮೇಲ್ ವಿಳಾಸ ಕೊಟ್ಟು, "ಅಆಇಈ" ಎಂದೂ "ಹಲೋ ಹಲೋ" ಎಂದೂ ನೂರು ಸಲ ನನಗೆ ನಾನೇ ಕಾಗದ ಬರೆದುಕೊಂಡೆ. ಕಿರಿಕಿರಿಯಾಗಿ, ಸಾಹೇಬರ ಸೈಟಿನಿಂದ ಏನು ಬಂದರೂ ಸದ್ದು ಮಾಡದೆ "ಟೆಸ್ಟ್" ಎಂಬ ಬೇರೊಂದು ಪೆಟ್ಟಿಗೆಗೆ ಹಾಕು ಎಂದು ನನ್ನ ಇಮೇಲಿಗೆ ಅಪ್ಪಣೆ ಮಾಡಿಟ್ಟೆ. ಕೆಲಸ ಮುಗಿದ ಮೇಲೆ ಫಾರಂನಲ್ಲಿ ನನ್ನ ವಿಳಾಸ ಅಳಿಸಿ ಸಾಹೇಬರ ವಿಳಾಸ ಬರೆಯಬೇಕು. ಅದನ್ನೂ ಬರೆದೆ. ಬರೆದು, ಹಿಂದಕ್ಕೆ ಒರಗಿ, ಶೈಲಜಾಗೆ ಕಾಫಿ ಕೇಳಿದೆ. ಬರೆದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ನನಗೆ ಹದಿನಾಲ್ಕು ವರ್ಷದ ಅನುಭವ, ಪಾಠಗಳೆಲ್ಲ ಹೊಸಬರಿಗೆ.

ಅಲ್ಲಿಂದ ಪ್ರತಿ ತಿಂಗಳು ಮೊದಲ ವಾರ ಸಾಹೇಬರು ತಪ್ಪದೆ ಫೋನು ಮಾಡುತ್ತಿದ್ದರು. "ಬೇಟಾ, ವೆಬ್‌ಸೈಟ್ ಚೆನ್ನಾಗಿದ್ಯಾ?" ಎಂದು ಮೊದಲು ಅದರ ಆರೋಗ್ಯ ವಿಚಾರಿಸಿ, ಆಮೇಲೆ, "ಯಾರೂ ಬರ್ಲಿಲ್ಲ ನೋಡು" ಎನ್ನುತ್ತಿದ್ದರು. ನಾನು ಉಪನ್ಯಾಸ ಶುರುಮಾಡುತ್ತಿದ್ದೆ. ಇಂಟರ್ನೆಟ್ ಎಂದರೆ ಸಮುದ್ರ, ಅದಕ್ಕೆ ನಿಮ್ಮ ಪರಿಚಯವಾಗಬೇಕು, ತಾಳ್ಮೆ ಬೇಕು. "ಪರಿಚಯಕ್ಕೆ ಎಷ್ಟು ದಿನ ಬೇಕು ಬೇಟಾ? ನಮ್ಮ ಗಲ್ಲೀಲಿ ಒಂದು ಟೀ ಸಾಕು" ಎಂದರು ಒಮ್ಮೆ. ನಾನು ಜೋರಾಗಿ ನಕ್ಕು, ಆ ಮಾತನ್ನು ನಾಲ್ಕು ಜನಕ್ಕೆ ಹೇಳಿ ನಗಿಸಿದೆ. ಇನ್ನೊಮ್ಮೆ ಅವರು, "ಕಾಗದ ಬರ್ತವೆ, ಆದ್ರೆ ಮಷೀನ್ ವಿಷ್ಯ ಅಲ್ಲ, ಬೇರೆ ಏನೋ..." ಎಂದು ಶುರುಮಾಡಿದ್ದರು. ನಾನು ಪೂರ್ತಿ ಕೇಳಲಿಲ್ಲ. "ಅದೆಲ್ಲ ಕಸ ಸಾಹೇಬ್ರೆ. ಎಲ್ಲರಿಗೂ ಬರುತ್ತೆ. ತೆಗೀಲೇಬೇಡಿ, ಅಳಿಸಿಹಾಕಿ" ಎಂದುಬಿಟ್ಟೆ. "ಪಾಪ, ಹೆಸ್ರು ನಂಬರ್ ಎಲ್ಲಾ ಬರ್ದಿರ್ತಾರಲ್ಲ ಬೇಟಾ" ಎಂದರು. "ಕಳ್ಳರು ಹಾಗೇ ಬರೆಯೋದು" ಎಂದೆ. ಕಂಪ್ಯೂಟರಿನ ವಿಷಯದಲ್ಲಿ ಹಿರಿಯರ ಮಾತನ್ನು ಅರ್ಧಕ್ಕೇ ತಡೆಯುವ ಹಕ್ಕು ನಮ್ಮ ವಯಸ್ಸಿನವರಿಗೆ ಇದೆಯೆಂದು ನಾನು ಬಹುಕಾಲ ನಂಬಿದ್ದೆ.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಶೈಲಜಾಳ ಮಷೀನ್ ಮತ್ತೆ ದಾರ ತಿಂದಿತು. "ನಿಮ್ಮ ಸಾಹೇಬ್ರ ಹತ್ರ ಹೋಗಿ, ಹಾಗೇ ವೆಬ್‌ಸೈಟ್ ಹೆಂಗಿದೆ ಕೇಳ್ಕೊಂಡ್ ಬನ್ನಿ" ಎಂದಳು. ಗೋಣಿಚೀಲ ಹೊತ್ತು ಗಲ್ಲಿ ಹೊಕ್ಕರೆ ಅಂಗಡಿ ಸಿಗಲಿಲ್ಲ. ಎರಡು ಸಲ ಅದೇ ಜಾಗದಲ್ಲಿ ಓಡಾಡಿದ ಮೇಲೆ, ನೇತುಹಾಕಿದ ಬಣ್ಣಬಣ್ಣದ ಮೊಬೈಲ್ ಕವರುಗಳ ಸಂದಿಯಲ್ಲಿ ಸಾಹೇಬರ ಬಿಳಿ ಟೋಪಿ ಕಂಡಿತು. ಅರ್ಧ ಅಂಗಡಿ ಹೋಗಿತ್ತು. ಉಳಿದರ್ಧದಲ್ಲಿ ಅವರು ಒಂದು ಸ್ಟೂಲಿನ ಮೇಲೆ ಕೂತಿದ್ದರು, ಸ್ಕ್ರೂ ಡಬ್ಬಿಗಳು ಕಾಲಬುಡದಲ್ಲಿದ್ದವು. "ಬಾ ಬೇಟಾ, ಎರಡು ತಿಂಗಳಾಯ್ತು ಕೊಟ್ಟು. ಏನ್ ಮಾಡೋದು, ಯಾರೂ ಬರ್ಲಿಲ್ಲ" ಎಂದರು. ನನಗೆ ಕಸಿವಿಸಿಯಾಯಿತು. ಆದರೂ ನನ್ನ ವೆಬ್‌ಸೈಟಿನ ಮೇಲೆ ಅಪವಾದ ಬರಬಾರದಲ್ಲ! "ಸೈಟಿನದೇನೂ ತೊಂದ್ರೆ ಇಲ್ಲ ಸಾಹೇಬ್ರೆ, ನೋಡಿ, ಈಗ ನಿಮ್ಮ ಕಣ್ಣೆದುರಿಗೇ ಒಂದು ಮೆಸೇಜ್ ಕಳಿಸ್ತೀನಿ, ನಿಮ್ಮ ಫೋನಿಗೆ ಬರುತ್ತೆ" ಎಂದು ನನ್ನ ಫೋನಿನಲ್ಲಿ ಅವರ ಸೈಟು ತೆರೆದು, ಹೆಸರು ನಂಬರು ಬರೆದು, ಒತ್ತಿದೆ. ಇಬ್ಬರೂ ಅವರ ಫೋನನ್ನೇ ನೋಡುತ್ತ ಕೂತೆವು. ಮೊಬೈಲ್ ಕವರಿನವರೂ ಬಗ್ಗಿ ನೋಡಿದರು. ಏನೂ ಬರಲಿಲ್ಲ. "ನೆಟ್‌ವರ್ಕ್ ಇರ್ಲಿಕ್ಕಿಲ್ಲ" ಎಂದೆ. "ಇದೆಯಲ್ಲ" ಎಂದರು ಕವರಿನವರು.

ಆಗ ನನ್ನ ಇಮೇಲಿಗೆ ಮಾಡಿಟ್ಟ ಆ ಹಳೆಯ ಅಪ್ಪಣೆ ನೆನಪಾಯಿತು. ಸಾಹೇಬರಿಗೆ ಬೆನ್ನು ತಿರುಗಿಸಿ ನನ್ನ ಇಮೇಲ್ ತೆರೆದು, ಒಂದೂವರೆ ವರ್ಷದಿಂದ ಕಣ್ಣೂ ಹಾಯಿಸದ "ಟೆಸ್ಟ್" ಪೆಟ್ಟಿಗೆಯನ್ನು ನೋಡಿದೆ. ಎಲ್ಲಕ್ಕಿಂತ ಮೇಲೆ ಈಗಷ್ಟೇ ನಾನು ಕಳಿಸಿದ ಮೆಸೇಜು ಕೂತಿತ್ತು. ಅದರ ಕೆಳಗೆ, ನನ್ನ ಹಳೆಯ ಹಲೋ ಹಲೋಗಳ ಮೇಲೆ, ಮೂವತ್ತೇಳು ಕಾಗದಗಳಿದ್ದವು. ಎಲ್ಲವೂ ಸಾಹೇಬರಿಗೆ ಬಂದವು, ಒಂದನ್ನೂ ಯಾರೂ ತೆರೆದಿರಲಿಲ್ಲ.

ಒಳ್ಳೆಯವನಾಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ನಾನು, "ಸರ್ವರ್ ಪ್ರಾಬ್ಲಮ್ ಇದೆ ಅನ್ಸುತ್ತೆ, ಮನೆಗೆ ಹೋಗಿ ನೋಡ್ತೀನಿ" ಎಂದೆ. ನಮ್ಮ ಕಸುಬಿನವರಿಗೆ ಸರ್ವರ್ ಎಂಬುದು ದೇವರಿದ್ದ ಹಾಗೆ, ಕಣ್ಣಿಗೆ ಕಾಣದ್ದರಿಂದ ಎಲ್ಲ ಭಾರವನ್ನೂ ಅದರ ಮೇಲೆ ಹಾಕಬಹುದು. ಸಾಹೇಬರು, "ಆಯ್ತು, ಮಷೀನ್ ಬಿಟ್ಟು ಹೋಗು, ನಾಳೆ ಕೊಡ್ತೀನಿ" ಎಂದು ಟೀ ತರಿಸಿದರು. ಆ ಟೀ ಕುಡಿದೇ ಬಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದೊಂದಾಗಿ ಓದಿದೆ. ಫ್ರೇಜರ್ ಟೌನಿನ ಒಂದು ಹೊಲಿಗೆ ತರಗತಿಯವರು, ನಮ್ಮಲ್ಲಿ ಆರು ಮಷೀನಿವೆ, ಪ್ರತಿ ತಿಂಗಳು ಬಂದು ನೋಡಿಕೊಳ್ಳುವಿರಾ ಎಂದು ಕೇಳಿದ್ದರು. ಅದು ಬಂದ ದಿನವನ್ನು ನೋಡಿ ಲೆಕ್ಕಹಾಕಿದರೆ, ಸಾಹೇಬರು ಅರ್ಧ ಅಂಗಡಿ ಬಿಟ್ಟುಕೊಡುವುದಕ್ಕೆ ಸರಿಯಾಗಿ ಮೂರು ವಾರ ಮುಂಚೆ. ನಿವೃತ್ತ ಮೇಷ್ಟ್ರೊಬ್ಬರು, ತೀರಿಕೊಂಡ ಹೆಂಡತಿಯ ಮಷೀನಿಗೆ ಬರೀ ಎಣ್ಣೆ ಬಿಡಿಸಬೇಕು, ಬಳಸುವುದಿಲ್ಲ, ಸುಮ್ಮನೆ ತುಕ್ಕು ಹಿಡಿಯದಿದ್ದರೆ ಸಾಕು ಎಂದು ಬರೆದಿದ್ದರು. ಕೆ.ಆರ್. ಪುರದ ಮಹಾದೇವಿ ಎಂಬ ಹೆಣ್ಣುಮಗಳ ಕಾಗದಗಳು ಮೂರಿದ್ದವು. ಮಾತಿನ ಮೇಲೆ ಕಲಬುರಗಿ ಕಡೆಯವಳೆಂದು ಗೊತ್ತಾಗುತ್ತಿತ್ತು. ಮೊದಲನೆಯದು: "ಸರ್, ನಮ್ಮ ಮಷೀನ್ ಹೊಲಿಗಿ ಬಿಡ್ಲಿಕತ್ತದ. ಮದುವಿ ಬ್ಲೌಸ್ ಹದಿನಾಲ್ಕು ಹೊಲಿಯೋದದ. ಹೊತ್ಕೊಂಡು ಬರ್ಲ್ಯಾ, ನೀವೇ ಬರ್ತೀರಿ?" ಎರಡು ದಿನ ಬಿಟ್ಟು ಎರಡನೆಯದು: "ಸರ್, ನೋಡಿದ್ರೇನು? ಭಾಳ ಅರ್ಜೆಂಟ್ ಅದ." ನಾಲ್ಕು ದಿನ ಬಿಟ್ಟು ಮೂರನೆಯದು: "ಈಗ ಬ್ಯಾಡ್ರಿ ಸರ್. ಬ್ಲೌಸ್ ಎಲ್ಲಾ ವಾಪಸ್ ಕೊಟ್ಟೀನಿ." ಇದನ್ನು ಓದಿ ಮುಗಿಸುವಾಗ ನನ್ನ ಸ್ಟಾಪು ದಾಟಿ ಹೋಗಿತ್ತು. ಇಳಿದು ಹಿಂದಕ್ಕೆ ನಡೆದುಕೊಂಡು ಬಂದೆ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಕೂತೆ. ಬೇರೆ ಯಾರ ಮುಂದಾದರೂ ಕೂತಿದ್ದರೆ ಸಮಾಧಾನದ ಮಾತು ಸಿಗುತ್ತಿತ್ತು, ನಾನು ಕೂತದ್ದು ಮೂವತ್ತು ವರ್ಷ ಟಪಾಲು ಹಂಚಿದವರ ಮುಂದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದರು. "ಎಷ್ಟು ಕಾಗದ ಅಂದೆ?"

"ಮೂವತ್ತೇಳು."

"ಒಂದೂವರೆ ವರ್ಷ ಮನೇಲಿಟ್ಕೊಂಡಿದ್ಯಾ?"

"ಮನೇಲಿ ಅಲ್ಲಪ್ಪಾ, ಇಮೇಲ್‌ನಲ್ಲಿ."

"ಎಲ್ಲಾದ್ರೂ ಇರ್ಲಿ. ನಮ್ಮಲ್ಲಾಗಿದ್ರೆ ಸಸ್ಪೆಂಡ್ ಮಾಡ್ತಿದ್ರು." ಆಮೇಲೆ ಒಂದು ಹಳೆಯ ಕತೆ ತೆಗೆದರು. ಒಮ್ಮೆ ಒಂದು ಪೋಸ್ಟ್ ಕಾರ್ಡು ಅವರ ಚೀಲದ ಹರಿದ ಅಸ್ತರಿನೊಳಗೆ ಸೇರಿಕೊಂಡು ಎರಡು ದಿನ ತಡವಾಗಿತ್ತಂತೆ. ಕಾರ್ಡಿನಲ್ಲಿ ಅಂಥದ್ದೇನೂ ಇರಲಿಲ್ಲ, ಯಾರೋ ಹಪ್ಪಳ ಕಳಿಸುತ್ತೇವೆಂದು ಬರೆದಿದ್ದರು. ಆದರೂ ಅಪ್ಪ ಆ ಮನೆಗೆ ಹೋಗಿ, ಯಜಮಾನರನ್ನು ಕರೆದು, ತಪ್ಪು ನನ್ನದು ಎಂದು ಹೇಳಿ ಕೊಟ್ಟು ಬಂದರಂತೆ. "ಅವ್ರು ಏನಂದ್ರು?" ಎಂದೆ, ಸ್ವಲ್ಪ ಆಸೆಯಿಂದ. "ಏನೋ ಅಂದ್ರು. ನಾನು ಹೋಗಿದ್ದು ಕೇಳೋಕಲ್ಲ, ಹೇಳೋಕೆ" ಎಂದು ಕನ್ನಡಕ ಹಾಕಿಕೊಂಡು ಪೇಪರು ಹಿಡಿದರು.

ಮಾರನೇ ದಿನ ಮೂವತ್ತೇಳೂ ಕಾಗದಗಳನ್ನು ಪ್ರಿಂಟು ಹಾಕಿಸಿ, ಒಂದು ಕವರಿನಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅದರಲ್ಲಿ ಸರ್ವರ್ ಮೂರು ಕಡೆ ಬರುತ್ತಿತ್ತು. ಸಾಹೇಬರ ಮುಖ ಕಂಡ ಮೇಲೆ ಅದೆಲ್ಲ ಬಿಟ್ಟುಹೋಗಿ, "ತಪ್ಪು ನಂದು ಸಾಹೇಬ್ರೆ, ಜನ ಬಂದಿದ್ರು, ನಾನೇ ಬಾಗಿಲಲ್ಲಿ ತಡೆದು ಕೂರಿಸಿಕೊಂಡಿದ್ದೆ" ಎಂದು ಕವರು ಕೈಗಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ಕನ್ನಡ ಓದಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ನಾನು ನಿಂತೇ ಇದ್ದೆ. ಆರು ಮಷೀನಿನ ಹಾಳೆ ಬಂದಾಗ ಅವರು ಒಮ್ಮೆ ಎಡಗಡೆಗೆ, ಮೊಬೈಲ್ ಕವರುಗಳ ಕಡೆಗೆ ನೋಡಿದರು.

ಎಲ್ಲ ಓದಿ ಹಾಳೆಗಳನ್ನು ಮಡಿಸಿಟ್ಟ ಮೇಲೆ ಅವರಿಗೊಂದು ಸಂದೇಹ ಬಂತು. "ನಮ್ದು ಕಾಗದ ನಿಂಗೆ ಬಂತು. ಹಂಗಾದ್ರೆ ನಂಗೆ ಬಂದಿದ್ದು ಯಾರ್ದು ಬೇಟಾ?" ಎಂದು ತಮ್ಮ ಫೋನು ತೆಗೆದು ತೋರಿಸಿದರು. ನೋಡಿದೆ. "ನಮ್ಮ ಕ್ಲಿನಿಕ್ಕಿಗೆ ವೆಬ್‌ಸೈಟ್ ಬೇಕಿತ್ತು." "ಕೇಕ್ ಬಿಸಿನೆಸ್ಸಿಗೆ ಸೈಟ್ ಮಾಡಿಕೊಡುತ್ತೀರಾ?" ಹೀಗೆ ಹನ್ನೊಂದು. ಎಲ್ಲ ನನ್ನ ವೆಬ್‌ಸೈಟಿನ ಫಾರಂನಿಂದ ಬಂದವು. ಆಗ ಹೊಳೆಯಿತು. ಕೊನೆಯ ದಿನ ನನ್ನ ಸೈಟು, ಅವರ ಸೈಟು ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡಿದ್ದೆ. ಒಂದೇ ಅಳತೆಯ ಕಾಗದ ಇಟ್ಟು ಕತ್ತರಿಸಿದ ಎರಡು ಬ್ಲೌಸಿನ ಹಾಗೆ ಎರಡೂ ಒಂದೇ ತರಹ. ಸಾಹೇಬರ ವಿಳಾಸವನ್ನು ಅವರ ಫಾರಂನಲ್ಲಿ ಬರೆಯುವ ಬದಲು ನನ್ನ ಫಾರಂನಲ್ಲಿ ಬರೆದು ಕಾಫಿ ಕೇಳಿದ್ದೆ. ಅವರ ಕಾಗದ ನನಗೆ, ನನ್ನ ಕಾಗದ ಅವರಿಗೆ. ಎಲ್ಲವೂ ಒಂದೇ ತಪ್ಪಿನಿಂದ.

"ನೀನು ಅಳ್ಸಿಹಾಕು ಅಂದೆ. ನಂಗೆ ಮನ್ಸು ಬರ್ಲಿಲ್ಲ" ಎಂದರು ಸಾಹೇಬರು. "ಹೆಸ್ರು ಬರ್ದಿದಾರೆ, ನಂಬರ್ ಬರ್ದಿದಾರೆ. ಬಾಗ್ಲಿಗೆ ಬಂದೋರ್ನ ಹಂಗೇ ಕಳ್ಸೋಕಾಗ್ತದಾ? ಒಬ್ಬೊಬ್ರಿಗೂ ಫೋನ್ ಮಾಡ್ದೆ. ಇಲ್ಲಿ ಮಷೀನ್ ರಿಪೇರಿ ಅಷ್ಟೇ, ವೆಬ್‌ಸೈಟಿಗೆ ಒಬ್ರಿದಾರೆ, ಟಪಾಲಿನೋರ ಮಗ, ಸ್ವಲ್ಪ ನಿಧಾನ, ಆದ್ರೆ ಮನುಷ್ಯ ಒಳ್ಳೆಯವ್ನು ಅಂತ ನಿನ್ನ ನಂಬರ್ ಕೊಟ್ಟೆ. ಬಂದ್ರಾ ಯಾರಾದ್ರೂ?"

ಬಂದಿದ್ದರು. ಹನ್ನೊಂದರಲ್ಲಿ ಒಂಬತ್ತು ಜನ ಬಂದಿದ್ದರು. ಆ ಒಂದೂವರೆ ವರ್ಷ ನನ್ನ ಮನೆ ನಡೆದದ್ದೇ ಅವರಿಂದ. ಕೀರ್ತಿ ಹಬ್ಬಿದೆ ಎಂದುಕೊಂಡು ನಾನು ಮೀಸೆ ತಿರುವಿದ್ದೆ. ಹಬ್ಬಿಸುತ್ತಿದ್ದವರು ಗಿರಾಕಿಗಳಿಲ್ಲದೆ ಖಾಲಿ ಕೂತ ಅಂಗಡಿಯಲ್ಲಿ ನನ್ನ ಪರವಾಗಿ ಫೋನು ಹಿಡಿದಿದ್ದರು. "ಬಂದ್ರು ಸಾಹೇಬ್ರೆ, ಒಂಬತ್ತು ಜನ" ಎಂದೆ. ಅವರು, "ಹೋಗ್ಲಿ ಬಿಡು ಬೇಟಾ" ಎಂದು ಶೈಲಜಾಳ ಮಷೀನನ್ನು ಗೋಣಿಚೀಲಕ್ಕೆ ಇಳಿಸಿ ಕಟ್ಟಿಕೊಟ್ಟರು. ಬಿಡು ಎಂದರಲ್ಲ, ಅಲ್ಲಿಗೆ ಮುಗಿಯಿತು, ಕ್ಷಮಿಸಿದರು ಎಂದು ನಾನು ಅಂದುಕೊಂಡೆ.

ಅವತ್ತೇ ಎರಡೂ ವಿಳಾಸಗಳನ್ನು ಸರಿಮಾಡಿದೆ. ಒಂದೊಂದನ್ನೂ ಐದೈದು ಸಲ ಪರೀಕ್ಷಿಸಿದೆ. ಆಮೇಲೆ ಮೂವತ್ತೈದು ಮನೆಗೂ ನಾನೇ ಫೋನು ಮಾಡಿದೆ. ಮಹಾದೇವಿಯ ಮೂರು ಕಾಗದಕ್ಕೂ ಒಂದೇ ಮನೆಯಾದ್ದರಿಂದ ಲೆಕ್ಕ ಅಷ್ಟೇ. ಅಪ್ಪ ಪಕ್ಕದಲ್ಲಿ ಕೂತು, ಹೇಳಿದ್ದಾಯಿತು ಎಂದು ಒಂದೊಂದಕ್ಕೂ ಗುರುತು ಹಾಕಿದರು. ಹಲವರು ಹೊಸ ಮಷೀನ್ ಕೊಂಡಿದ್ದರು. ಇಬ್ಬರು ಹಳೆಯದನ್ನು ಗುಜರಿಗೆ ಹಾಕಿದ್ದರು. ಹೊಲಿಗೆ ತರಗತಿಯವರು ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದರು. ಮೇಷ್ಟ್ರು ಮಾತ್ರ ಕಾಯುತ್ತಲೇ ಇದ್ದರು, ಅವರಿಗೇನೂ ಅವಸರವಿರಲಿಲ್ಲವಂತೆ. ಮಹಾದೇವಿಗೆ ಮಾಡಿದಾಗ ಹಿಂದೆ ಗಾರ್ಮೆಂಟ್ಸಿನ ಊಟದ ಹೊತ್ತಿನ ಗದ್ದಲ ಕೇಳುತ್ತಿತ್ತು. "ಈಗ ಫ್ಯಾಕ್ಟರಿಗೆ ಹೊಂಟೀನ್ರಿ ಸರ್. ಮಷೀನಾ? ಅದ್ರ ಮ್ಯಾಲ ಟಿವಿ ಇಟ್ಟೀವಿ" ಎಂದು ನಕ್ಕಳು. ನಾನು ಸಾಹೇಬರಿಗೆ ಹೇಳಿದೆ. ಅವರು ಮುಂದಿನ ಭಾನುವಾರವೇ ಸಾಮಾನಿನ ಚೀಲ ತೆಗೆದುಕೊಂಡು ಹೊರಟರು, ಚೀಲ ನಾನು ಹೊತ್ತೆ. ಕೆ.ಆರ್. ಪುರದ ಒಂದೇ ಕೋಣೆಯ ಮನೆಯಲ್ಲಿ ಟಿವಿಯನ್ನು ಇಳಿಸಿ ಎರಡು ಕೈಯಲ್ಲಿ ತಬ್ಬಿಕೊಂಡು ನಾನು ನಿಂತಿದ್ದೆ, ಸಾಹೇಬರು ಚಕ್ರಕ್ಕೆ ಕಿವಿಯಿಟ್ಟರು. ಹತ್ತು ನಿಮಿಷದ ಕೆಲಸ. ಹತ್ತು ನಿಮಿಷ! ಮಹಾದೇವಿ ಒಂದು ಹಳೆಯ ಬಟ್ಟೆಯಿಟ್ಟು ಹೊಲಿದು ನೋಡಿ, "ಈಗ ಒಂದೂ ಹೊಲಿಗಿ ಬಿಡವಲ್ದು" ಎಂದಳು. ಭಾನುವಾರ ಭಾನುವಾರ ಹೊಲಿಯುತ್ತೇನೆಂದಳು. ಫ್ಯಾಕ್ಟರಿ ಬಿಡುವ ಮಾತು ಆಡಲಿಲ್ಲ, ಹೋದ ಗಿರಾಕಿಗಳು ಮತ್ತೆ ಬರುವುದು ಸುಲಭವೇ. ವಾಪಸ್ ಬರುವಾಗ ಬಸ್ಸಿನಲ್ಲಿ ಸಾಹೇಬರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ನಾನು ಎರಡು ಸಲ ಮಾತು ತೆಗೆದೆ, ಎರಡು ಸಲವೂ "ಹ್ಞೂಂ" ಎಂದರು.

ಈಗ ಅವರ ಕಾಗದ ಅವರಿಗೇ ಹೋಗುತ್ತಿದೆ. ವಾರಕ್ಕೆ ಒಂದಾದರೂ ಬರುತ್ತದಂತೆ. ಕೆಲಸ ಸಿಗುತ್ತಿದೆ. ಅರ್ಧ ಅಂಗಡಿ ಮಾತ್ರ ವಾಪಸು ಬಂದಿಲ್ಲ, ಬರುವುದೂ ಇಲ್ಲ. ಸ್ಕ್ರೂ ಡಬ್ಬಿಗಳು ಇನ್ನೂ ಕಾಲಬುಡದಲ್ಲೇ ಇವೆ. ತಿಂಗಳ ಮೊದಲ ವಾರದ ಫೋನು ನಿಂತುಹೋಗಿದೆ. ಸೈಟು ಸರಿಯಿರುವಾಗ ಯಾಕೆ ಮಾಡಬೇಕು ಹೇಳಿ. ಆದರೂ ಮೊದಲ ವಾರ ಬಂದಾಗ ನಾನು ಫೋನನ್ನು ಕಣ್ಣಿಗೆ ಕಾಣುವಲ್ಲೇ ಇಟ್ಟುಕೊಳ್ಳುತ್ತೇನೆ. ನನ್ನ ಫಾರಂನ ಕಾಗದಗಳೂ ಈಗ ನನಗೇ ಬರುತ್ತವೆ. ನಾನೇ ಫೋನು ಮಾಡಿ ನನ್ನ ಬಗ್ಗೆ ನಾನೇ ಹೇಳಿಕೊಳ್ಳುತ್ತೇನೆ. ಅನುಭವ ಹದಿನಾಲ್ಕು ವರ್ಷ, ಸಮಯಕ್ಕೆ ಸರಿಯಾಗಿ ಕೆಲಸ ಎಂದೆಲ್ಲ ಹೇಳಿದರೆ ಅವರು, "ಯೋಚನೆ ಮಾಡಿ ಹೇಳ್ತೀವಿ" ಎನ್ನುತ್ತಾರೆ. ಆರು ತಿಂಗಳಿಂದ ಯೋಚನೆ ಮಾಡುತ್ತಲೇ ಇದ್ದಾರೆ.

ಮೊನ್ನೆ ಬೆಳಿಗ್ಗೆ ಬಹಳ ದಿನದ ಮೇಲೆ ಒಂದು ಹೊಸ ನಂಬರಿನಿಂದ ಫೋನು ಬಂತು. ಹಲಸೂರಿನಲ್ಲಿ ಪಾತ್ರೆ ಅಂಗಡಿಯವರು, ವೆಬ್‌ಸೈಟ್ ಬೇಕಂತೆ. ಹೆಂಡತಿಯ ಮಷೀನ್ ರಿಪೇರಿಗೆ ಶಿವಾಜಿನಗರಕ್ಕೆ ಹೋಗಿದ್ದಾಗ, ಈ ಸೈಟು ಯಾರು ಮಾಡಿದ್ದು ಎಂದು ಸಾಹೇಬರನ್ನು ಕೇಳಿದರಂತೆ. ಸಾಹೇಬರು ನನ್ನ ನಂಬರು ಕೊಟ್ಟರಂತೆ. ಕೊಡದೆ ಇರುತ್ತಾರೆಯೇ, ಬಾಗಿಲಿಗೆ ಬಂದವರನ್ನು ಮುಟ್ಟಿಸುವುದು ಅವರ ಪದ್ಧತಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಕುರ್ಚಿಯಿಂದ ಎದ್ದು ನಿಂತೆ.

"ನೀವು ಸ್ವಲ್ಪ ನಿಧಾನವಂತೆ" ಎಂದರು ಪಾತ್ರೆ ಅಂಗಡಿಯವರು.

"ಹೌದು ಸಾರ್" ಎಂದು ಖುಷಿಯಿಂದಲೇ ಒಪ್ಪಿಕೊಂಡು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಮುಂದಿನ ಮಾತಿಗೆ ಕಾದೆ. ಅವರು ಪಾತ್ರೆಗಳ ಫೋಟೋ ಎಷ್ಟು ಬೇಕಾಗುತ್ತದೆ ಎಂದು ಕೇಳಿದರು. ನಾಚಿಕೆ ಬಿಟ್ಟು ನಾನೇ ಕೇಳಿದೆ: "ಸಾಹೇಬ್ರು ಇನ್ನೇನಾದ್ರೂ ಹೇಳಿದ್ರಾ?"

ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. "ಇಲ್ವಲ್ಲ, ಅಷ್ಟೇ ಹೇಳಿದ್ದು" ಎಂದರು.